ಒಂದೇ ಕೈ ಗಾಡಿ

ಟಣ್. ಟಣ್. ಟಣ್.

ಬೀದಿಯ ತಿರುವಿನಲ್ಲಿ ನಿಂತಿದ್ದ ಬಿಳಿ ವ್ಯಾನಿನ ಅಡಿಯಿಂದ ಸದ್ದು ಬರುತ್ತಿತ್ತು. ಒಂದೊಂದು ಗೇಣಿಗೆ ಒಂದು ಪೆಟ್ಟು, ಹಿಂದಿನಿಂದ ಮುಂದಕ್ಕೆ. ಮುಚ್ಚಿದ ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವ ಹಾಗಿತ್ತು. ವ್ಯಾನು ಕೊಳ್ಳಲು ಬಂದಿದ್ದ ಔಷಧಿ ಅಂಗಡಿಯವನು ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದ. ಅವನ ಕಣ್ಣಿಗೆ ಬೀಳುತ್ತಿದ್ದುದು ಪ್ಲಾಸ್ಟಿಕ್ ಚಾಪೆಯ ಒಂದು ತುದಿ, ಅದರ ಮೇಲೆ ಗಂಡಸರ ಕ್ಯಾನ್ವಾಸ್ ಬೂಟು ತೊಟ್ಟ ಹೆಂಗಸಿನ ಎರಡು ಕಾಲು, ಅಷ್ಟೇ.

"ಒಳ್ಳೇ ಕಬ್ಬಿಣ ಹೊಡೆದ ಕೂಡ್ಲೇ ಮಾತಾಡತ್ತೆ," ಎಂದಿತು ಕೆಳಗಿನಿಂದ ದನಿ. "ತುಕ್ಕು ತಿಂದಿದ್ದು ಮುಖ ಊದಿಸ್ಕೊಂಡು ಕೂತಿರತ್ತೆ. ನಿಮ್ಮದು ಪಟಪಟ ಅಂತ ಮಾತಾಡ್ತಾ ಇದೆ. ತಗೊಳ್ಳಿ."

"ಎಂಜಿನ್ನೂ ಚೆನ್ನಾಗಿದೆ ತಾನೆ?"

"ಅದನ್ನ ಆಗ್ಲೇ ಹೇಳಿದ್ನಲ್ಲ. ಮದುವೆ ಗೊತ್ತಾದ ಮೇಲೆ ಹುಡುಗಿ ಹಲ್ಲು ಎಣಿಸ್ತಾರೇನ್ರೀ?"

ಅವನು ನಕ್ಕ. ಟಾರ್ಚಕ್ಕ ಬೆನ್ನ ಮೇಲೆಯೇ ಜಾರಿಕೊಂಡು ಹೊರಗೆ ಬಂದಳು.

ಹಾಡುಹಗಲಲ್ಲೂ ಟಾರ್ಚ್ ಹಿಡಿದು ಓಡಾಡುವವಳಿಗೆ ಊರು ಇನ್ಯಾವ ಹೆಸರು ಇಟ್ಟೀತು. ವಯಸ್ಸು ಐವತ್ತನಾಲ್ಕು. ಅದರಲ್ಲಿ ಇಪ್ಪತ್ತಮೂರು ವರ್ಷವನ್ನು ಅವಳು ಒಂದು ಸರ್ವಿಸ್ ಸ್ಟೇಷನ್ನಿನ ಗುಂಡಿಯಲ್ಲಿ ಕಳೆದಿದ್ದಳು. ಮೇಲೆ ಗಾಡಿ ಬಂದು ನಿಲ್ಲುತ್ತಿತ್ತು, ಕೆಳಗೆ ಇವಳು ನೀರಿನ ಪೈಪು ಹಿಡಿದು ಅದರ ಹೊಟ್ಟೆ ತೊಳೆಯುತ್ತಿದ್ದಳು. ಕೆಸರು ಕರಗಿ ತಲೆಯ ಮೇಲೆ ಸುರಿಯುತ್ತಿತ್ತು. ಮೊದಲ ವರ್ಷ ಅತ್ತಳು, ಎರಡನೆಯ ವರ್ಷ ಟೋಪಿ ಹಾಕಿಕೊಂಡಳು, ಮೂರನೆಯ ವರ್ಷದ ಹೊತ್ತಿಗೆ ಯಾವ ಗಾಡಿ ಎಲ್ಲಿ ಮೊದಲು ಕೊಳೆಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಉಳಿದವರು ಗಾಡಿಗಳನ್ನು ಮುಖ ನೋಡಿ ಗುರುತಿಸಿದರೆ ಅವಳು ಹೊಟ್ಟೆ ನೋಡಿ ಗುರುತಿಸುತ್ತಿದ್ದಳು. ಮೇಲೆ ನಿಂತು ಮಾತಾಡುವ ಮಾಲೀಕರ ಸುಳ್ಳು ನಿಜ ಎಲ್ಲವೂ ಗುಂಡಿಯೊಳಗೆ ಸ್ಪಷ್ಟವಾಗಿ ಕೇಳುತ್ತಿದ್ದವು.

ಸರ್ವಿಸ್ ಸ್ಟೇಷನ್ ಮುಚ್ಚಿದ ಮೇಲೆ ಹಳೆಯ ಗಾಡಿ ಕೊಳ್ಳುವವರು ಅವಳನ್ನು ಹುಡುಕಿಕೊಂಡು ಬರತೊಡಗಿದರು. ಅವಳ ಚೀಲದಲ್ಲಿ ಇರುತ್ತಿದ್ದುದು ಟಾರ್ಚು, ಅಂಗೈಯಗಲದ ಸುತ್ತಿಗೆ, ಸವೆದ ಹಲ್ಲುಜ್ಜುವ ಬ್ರಶ್ಶು, ಒಂದು ತುಂಡು ಸೀಮೆಸುಣ್ಣ. ಕೂಲಿ ಮೊದಲೇ ಇಸಿದುಕೊಳ್ಳುತ್ತಿದ್ದಳು, ಏಕೆಂದರೆ ಬೇಡ ಎನ್ನಿಸಿಕೊಂಡವನು ಆಮೇಲೆ ಜೇಬಿಗೆ ಕೈ ಹಾಕುವುದಿಲ್ಲ. ಎಲ್ಲ ನೋಡಿ ಮುಗಿದ ಮೇಲೆ ಒಂದೇ ಮಾತು: ತಗೊಳ್ಳಿ, ಇಲ್ಲವೇ ಬೇಡ. ಬೇಡ ಅಂದ ಮೇಲೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು.

ಬಿಳಿ ವ್ಯಾನಿನ ಕೆಳಗಿನಿಂದ ಅವಳು ಎದ್ದು ಕೂತಾಗ ಎದುರಿಗೆ ಒಂದು ಜೊತೆ ಚಪ್ಪಲಿ ಕಾಣಿಸಿತು. ಎಡದ್ದರ ಹಿಮ್ಮಡಿ ಒಳಗಡೆಗೆ ಸವೆದಿತ್ತು. ಮುಖ ನೋಡುವ ಅಗತ್ಯವೇ ಇರಲಿಲ್ಲ.

"ಏನೋ, ಹೊತ್ತಿಗೆ ಮುಂಚೆಯೇ ಬಂದಿದ್ದೀಯ?"

"ಹೊತ್ತಾಯ್ತು ಅಕ್ಕ. ಆ ಗಾಡೀನ ಬೇರೆ ಯಾರಾದ್ರೂ ನೋಡೋಕೆ ಮುಂಚೆ ಹೋಗ್ಬೇಕು. ಹತ್ತು, ಹತ್ತು," ಎಂದು ಅವಳ ತಮ್ಮ ಸ್ಕೂಟರಿನ ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿದ.

ತಮ್ಮ ಅವಳಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ನಡೆಯುವುದು ಕಲಿಯುವವರೆಗೂ, ಕಲಿತ ಮೇಲೂ ಎರಡು ವರ್ಷ, ಅವಳ ಸೊಂಟದ ಮೇಲೇ ಇದ್ದವನು. ಇಪ್ಪತ್ತು ವರ್ಷದಿಂದ ಊರವರ ಗಾಡಿ ಓಡಿಸುತ್ತಿದ್ದ. ಆಸ್ಪತ್ರೆಯ ಬಟ್ಟೆ ಗಂಟುಗಳು, ಬ್ರೆಡ್ ಕಾರ್ಖಾನೆಯ ಟ್ರೇಗಳು, ಮದುವೆ ಮನೆಯ ಕುರ್ಚಿಗಳು, ಎಲ್ಲವನ್ನೂ ಹೊತ್ತಿದ್ದ. ಈಗ ಊರಾಚೆಯ ಗುಡ್ಡದ ಮೇಲಿನ ಶಾಲೆಯಲ್ಲಿ ಒಂದು ಅವಕಾಶ ಬಂದಿತ್ತು. ಎಂಟು ಮಂದಿ ಟೀಚರುಗಳನ್ನು ಬೆಳಿಗ್ಗೆ ಮೇಲೆ ಕರೆದೊಯ್ಯಬೇಕು, ಸಂಜೆ ಕೆಳಗೆ ಇಳಿಸಬೇಕು. ಸ್ವಂತದ ದೊಡ್ಡ ಗಾಡಿ ಇರಬೇಕು. ಸೋಮವಾರದಿಂದ ಶುರು. ಶಾಲೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವಾಕೆ, ಇನ್ನೊಂದು ಷರತ್ತನ್ನೂ ಹಾಕಿದ್ದರು: ಹಳೇ ಗಾಡಿ ಆದರೂ ಪರವಾಗಿಲ್ಲ, ಟಾರ್ಚಕ್ಕ ನೋಡಿ ಒಂದು ಚೀಟಿ ಬರೆದುಕೊಡಲಿ. ತಮ್ಮ ಇದ್ದ ಕೆಲಸ ಬಿಟ್ಟು ಬಂದಿದ್ದ. ಇವತ್ತು ಶನಿವಾರ.

"ನೋಡಕ್ಕ, ಒಂದ್ ಮಾತು," ಎಂದ ಸ್ಕೂಟರ್ ಓಡಿಸುತ್ತ, ಗಾಳಿಗೆ ಮುಖ ತಿರುಗಿಸಿ. "ಎರಡು ವರ್ಷದ ಹಿಂದೆ ಆ ಹಸಿರು ಗಾಡಿಗೆ ನೀನು ಬೇಡ ಅಂದೆ. ನಾನೂ ಬೇಡ ಅಂದೆ. ಹಾಲಿನವನು ತಗೊಂಡ. ಇವತ್ತಿಗೂ ದಿನಾ ನನ್ನ ಎದುರಿಗೇ ಹೋಗತ್ತೆ, ಹಾರ್ನ್ ಹೊಡ್ಕೊಂಡು."

"ಹಾರ್ನ್‌ಗೆ ನಾನು ಬೇಡ ಅಂದಿರ್ಲಿಲ್ಲ."

"ಅಕ್ಕ, ತಮಾಷೆ ಬೇಡ. ನನಗೂ ನಲವತ್ತೈದು ಆಯ್ತು."

ಅವನ ಬೆನ್ನ ಮೇಲೆ ಅಂಗಿಯ ಹೊಲಿಗೆ ಬಿಟ್ಟಿದ್ದು ಕಾಣುತ್ತಿತ್ತು. ಚಿಕ್ಕವನಿದ್ದಾಗಲೂ ಅಲ್ಲೇ ಹರಿಯುತ್ತಿತ್ತು.

ಗಾಡಿ ಇದ್ದ ಮನೆ ಒಂದು ಇಳಿಜಾರು ಬೀದಿಯ ಕೊನೆಯಲ್ಲಿತ್ತು. ನೀಲಿ ಗೇಟು, ಗೇಟಿನ ಪಕ್ಕ ಡಬ್ಬಗಳಲ್ಲಿ ಬೆಳೆಸಿದ ಗಿಡಗಳು, ಹಿಂದೆ ತಗಡಿನ ಮಾಡಿನ ಕೆಳಗೆ ಬೂದುಬಣ್ಣದ ಎಸ್‌ಯುವಿ. ಹದಿನಾಲ್ಕು ವರ್ಷದ್ದು ಎಂದು ಹೇಳಿದರೆ ನಂಬುವ ಹಾಗಿರಲಿಲ್ಲ. ಅತಿಥಿಗಳು ಬರುತ್ತಾರೆಂದು ಅಷ್ಟು ಹೊತ್ತಿಗೇ ತೊಳೆದು ನಿಲ್ಲಿಸಿದ್ದರು. ಕನ್ನಡಿಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ನೆಲವೆಲ್ಲ ಒದ್ದೆ.

ಮಾರುವವರು ಎತ್ತರದ ಹಿರಿಯರು. ಉದ್ದ ತೋಳಿನ ಕೋಟು ಹಾಕಿಕೊಂಡು, ಎಡಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಅವರ ಹೆಂಡತಿ ದುಂಡು ಮುಖದ, ಸಣ್ಣ ಮೈಕಟ್ಟಿನ ಹೆಂಗಸು, ಬಲಭುಜವನ್ನು ಸ್ವಲ್ಪ ಏರಿಸಿಕೊಂಡೇ ನಡೆಯುತ್ತಿದ್ದರು.

"ಬನ್ನಿ, ಬನ್ನಿ. ಒಂದೇ ಕೈ ಗಾಡಿ ಇದು," ಎಂದರು ಹಿರಿಯರು. "ಫೋನಿನಲ್ಲೇ ಹೇಳಿದ್ದೆನಲ್ಲ."

ಹೆಂಡತಿ ಮುಖ ಆಚೆ ತಿರುಗಿಸಿ ನಕ್ಕರು.

ಟಾರ್ಚಕ್ಕನಿಗೆ ಆ ನಗು ಹಿಡಿಸಲಿಲ್ಲ. ಜೇಬಿನಲ್ಲಿ ಕೈಯಿಟ್ಟುಕೊಂಡು ವ್ಯಾಪಾರ ಮಾಡುವ ಗಂಡಸರೂ ಅವಳಿಗೆ ಹಿಡಿಸುತ್ತಿರಲಿಲ್ಲ. ಒಂದೇ ಕೈ ಗಾಡಿ ಎಂದರೆ ಒಬ್ಬರೇ ಮಾಲೀಕರು ಇಟ್ಟುಕೊಂಡು, ಒಬ್ಬರೇ ಓಡಿಸಿದ ಗಾಡಿ. ಮಾರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೇಳುವುದು ಇದೇ. ಯಾವತ್ತೂ ಕೆಳಗಿನಿಂದ ಶುರುಮಾಡುವವಳು ನೆಲ ಒದ್ದೆಯಾಗಿದ್ದರಿಂದ ಅಂದು ಒಳಗಿನಿಂದ ಶುರುಮಾಡಿದಳು.

ಸ್ಟೇರಿಂಗಿನ ಮೇಲೆ ಬೆರಳಾಡಿಸಿದಳು. ಬಲಗಡೆ ಹೊದಿಕೆ ಸವೆದು ಎಮ್ಮೆಯ ಕೊಂಬಿನ ಹಾಗೆ ಹೊಳೆಯುತ್ತಿತ್ತು. ಎಡಗಡೆ ಹೊಸದರ ಹಾಗೇ ತರಿತರಿಯಾಗಿತ್ತು. ಗೇರಿನ ಗುಂಡನ್ನು ಬಗ್ಗಿ ನೋಡಿದಳು. ಸವೆತ ಇದ್ದದ್ದು ಡ್ರೈವರ್ ಹಿಡಿಯುವ ಕಡೆ ಅಲ್ಲ, ಅದರ ಎದುರು ಕಡೆ. ಪಕ್ಕದ ಸೀಟಿನ ಒಂದು ಅಂಚು, ಗೇರಿನ ಕಡೆಯದು, ಕೂತು ಕೂತು ಚಪ್ಪಟೆಯಾಗಿತ್ತು. ಇಂಥ ಗಾಡಿ ಅವಳು ಒಂದೇ ಒಂದು ಕಡೆ ನೋಡಿದ್ದಳು, ಡ್ರೈವಿಂಗ್ ಕಲಿಸುವ ಶಾಲೆಯಲ್ಲಿ. ದಿನಕ್ಕೆ ಹತ್ತು ಮಂದಿ ಕಲಿಯುವವರು, ಪಕ್ಕದಲ್ಲಿ ಕೂತು ಗೇರು ಕಸಿದುಕೊಳ್ಳುವ ಮೇಷ್ಟ್ರು. ಅಂಥ ಗಾಡಿಯ ಗೇರುಪೆಟ್ಟಿಗೆಯನ್ನು ಯಾರೂ ಪುಕ್ಕಟೆಯಾಗಿಯೂ ಮುಟ್ಟುವುದಿಲ್ಲ.

ಇಳಿದು ಬಂದು ಹಿರಿಯರ ಎದುರಿಗೆ ನಿಂತಳು.

"ಸಾರ್, ವಯಸ್ಸಾದವರು. ಹೀಗೆ ಹೇಳ್ಬಾರ್ದು ನಾನು. ಆದ್ರೆ ಇದು ಒಂದೇ ಕೈ ಗಾಡಿ ಅಲ್ಲ. ಇದರ ಮೇಲೆ ಎರಡು ಕೈ ಆಡಿದೆ. ಸುಳ್ಳು ಹೇಳಿ ಮಾರ್ಬೇಡಿ."

ತಮ್ಮ "ಅಕ್ಕಾ!" ಎಂದ.

ಹಿರಿಯರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಸಿಕ್ಕಿಬಿದ್ದೆವು ಕಣೇ," ಎಂದರು. ಬಲಗೈಯಿಂದ ಎಡತೋಳನ್ನು ಜೇಬಿನಿಂದ ಹೊರಗೆಳೆದರು. ಮೊಣಕೈಯ ಕೆಳಗೆ ಕೋಟಿನ ತೋಳು ಖಾಲಿಯಾಗಿ ಜೋತುಬಿತ್ತು.

"ಕಾಗದ ಕತ್ತರಿಸೋ ಮಿಷನ್ನು ಕೊಂಡೊಯ್ತು ತಾಯಿ, ಈ ಗಾಡಿ ತಗೊಳ್ಳೋಕೆ ಮುಂಚೆಯೇ. ಒಂದೇ ಕೈ ಗಾಡಿ ಅನ್ನೋದು ನನ್ನ ಹಳೇ ತಮಾಷೆ. ಆದ್ರೆ ನೀವು ಹೇಳಿದ್ದೇ ನಿಜ. ಎರಡು ಕೈ. ಒಂದು ನಂದು, ಒಂದು ಇವಳ್ದು."

"ಇವರು ಕ್ಲಚ್ ತುಳಿದು 'ಹೂಂ' ಅನ್ನೋರು," ಎಂದರು ಹೆಂಡತಿ. "ನಾನು ಗೇರ್ ಹಾಕೋಳು. ಹದಿನಾಲ್ಕು ವರ್ಷ ಗಾಡಿ ಓಡ್ತಿದ್ದಾಗ ಕಿಟಕಿಯಾಚೆ ಏನಿದೆ ಅಂತ ಒಂದ್ ದಿನ ನೋಡಿಲ್ಲ ನಾನು. ಇವರ 'ಹೂಂ' ಕಾಯೋದೇ ಆಯ್ತು."

"ಜಗಳ ಆಡಿದ ದಿನ ಬೇಕಂತಲೇ ಲೇಟಾಗಿ ಹಾಕ್ತಿದ್ದಳು. ಸಿಗ್ನಲ್ಲಲ್ಲಿ ಹಿಂದಿನವರೆಲ್ಲ ಬೈತಿದ್ರು."

"ಎರಡು ಸಲ. ಎರಡೇ ಸಲ ಹಾಗೆ ಮಾಡಿದ್ದು." ಅವರು ಬಲಭುಜ ಒತ್ತಿಕೊಂಡರು. "ಈಗ ಭುಜ ಹಿಡ್ಕೊಂಡಿದೆ. ಗೇರು ಬೀಳಲ್ಲ. ಇದನ್ನ ಕೊಟ್ಟು ಗೇರಿಲ್ಲದ ಚಿಕ್ಕ ಕಾರು ತಗೋಬೇಕು ಅಂತ. ಇನ್ಮೇಲೆ ಇವರೇ ಓಡಿಸ್ಲಿ, ನಾನು ಹೊರಗೆ ನೋಡ್ತೀನಿ."

ಟಾರ್ಚಕ್ಕನ ಕಿವಿಯವರೆಗೂ ಬಿಸಿಯೇರಿತು. ಅವಳು ಟಾರ್ಚನ್ನು ಹೊತ್ತಿಸಿದಳು, ಆರಿಸಿದಳು. "ತಪ್ಪಾಯ್ತು ಸಾರ್," ಎಂದಳು ಕೊನೆಗೆ. ಇಷ್ಟು ವರ್ಷದಲ್ಲಿ ಮಾರುವವರ ಎದುರಿಗೆ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ.

"ತಪ್ಪೇನು? ಗೇರಿನ ಗುಂಡು ನೋಡಿ ಇವಳ ಕೈ ಕಂಡುಹಿಡಿದ್ರಲ್ಲ, ಆ ಸವೆತ ನಮ್ಮ ಮಗಳ ಕಣ್ಣಿಗೂ ಬಿದ್ದಿರ್ಲಿಲ್ಲ."

ಅಲ್ಲಿಂದ ಮುಂದಿನದೆಲ್ಲ ಹಬ್ಬವೇ. ಎಂಜಿನ್ ತಣ್ಣಗಿತ್ತು, ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಂಡಿತು. ಹೊಗೆ ತೆಳ್ಳಗೆ ಬಂದು ಮಾಯವಾಯಿತು. ಎಣ್ಣೆ ಜೇನಿನ ಬಣ್ಣದಲ್ಲಿತ್ತು. ತಮ್ಮ ಇಳಿಜಾರಿನಲ್ಲಿ ಹತ್ತಿಸಿ ಇಳಿಸಿ, ಹಿಂದಕ್ಕೆ ತೆಗೆದುಕೊಂಡು ಬಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಗದ್ದ ಊರಿ ಕೂತುಬಿಟ್ಟ. ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಮುಖ. ಅಕ್ಕನ ಕಣ್ಣಿಗೆ ಅದು ಬಿತ್ತು, ಬೀಳಬಾರದಿತ್ತು ಎನಿಸಿತು.

"ಸಾಕಲ್ವಾ ಅಕ್ಕ? ಎಂಥ ಜನ ನೋಡು. ಇಂಥವರ ಗಾಡಿಗೂ ಹೊಟ್ಟೆ ನೋಡ್ಬೇಕಾ?"

"ನೆಲ ಒಣಗಿದೆ," ಎಂದು ಅವಳು ಚಾಪೆ ಹಾಸಿದಳು.

"ಕೆಳಗೆಲ್ಲ ಹೋದ ತಿಂಗಳು ಕಪ್ಪು ಬಣ್ಣ ಬಳಿಸಿದ್ದೀವಿ," ಎಂದು ಹಿರಿಯರು ಮೇಲಿನಿಂದ ಹೇಳಿದರು. "ಮಾರೋಕೆ ಮುಂಚೆ ಬಳಿಸಿಬಿಡಿ, ಒಳ್ಳೇದು ಅಂತ ಗ್ಯಾರೇಜಿನವನು ಹೇಳಿದ."

ಗಾಡಿಯ ಭಾರವನ್ನೆಲ್ಲ ಹೊರುವುದು ಅದರ ಅಡಿಯಲ್ಲಿ ಉದ್ದಕ್ಕೆ ಹೋಗುವ ಎರಡು ಕಬ್ಬಿಣದ ತೊಲೆಗಳು. ಅವಳು ಬಲಗಡೆಯದನ್ನು ಹಿಂದಿನಿಂದ ಮುಂದಕ್ಕೆ ತಟ್ಟುತ್ತ ಹೋದಳು. ಟಣ್, ಟಣ್, ಟಣ್. ಸೀಮೆಸುಣ್ಣದಿಂದ ಗುರುತು ಹಾಕಿದಳು. ಎಡಗಡೆಯದನ್ನು ಮುಂದಿನಿಂದ ಹಿಂದಕ್ಕೆ. ಟಣ್, ಟಣ್. ಹಿಂದಿನ ಚಕ್ರದ ಮೇಲೆ, ಸ್ಪ್ರಿಂಗ್ ಪಟ್ಟಿಗಳು ತೊಲೆಗೆ ಕೂಡುವ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು.

ಬದ್.

ಇನ್ನೊಮ್ಮೆ ತಟ್ಟಿದಳು. ತಪ್ಪು ಜಾಗಕ್ಕೆ ಬಿದ್ದಿರಬಹುದೆಂದು ಬೆರಳಷ್ಟು ಪಕ್ಕಕ್ಕೆ ತಟ್ಟಿದಳು. ಬದ್. ತಲೆಯ ಪಕ್ಕದಲ್ಲೇ ತಮ್ಮನ ಚಪ್ಪಲಿ ಅತ್ತಿತ್ತ ಓಡಾಡುತ್ತಿತ್ತು. ಅವನು ಹಿರಿಯರಿಗೆ ಗುಡ್ಡದ ರಸ್ತೆಯ ವಿಷಯ ಹೇಳುತ್ತಿದ್ದ, ಎಂಟು ಟೀಚರುಗಳಲ್ಲಿ ಒಬ್ಬಾಕೆ ಬಸುರಿ, ಅವರಿಗೆ ಮುಂದಿನ ಸೀಟು ಎಂದು ಮೊದಲೇ ಗೊತ್ತುಮಾಡಿದ್ದೀನಿ ಎನ್ನುತ್ತಿದ್ದ. ಅವಳು ಸುತ್ತಿಗೆ ಕೆಳಗಿಟ್ಟು ಬ್ರಶ್ಶಿನಿಂದ ಕಪ್ಪು ಬಣ್ಣ ಉಜ್ಜಿದಳು. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಹಿಂದೆ ಕಬ್ಬಿಣ ಇರಲಿಲ್ಲ. ಒಣಗಿದ ಎಲೆಯಂಥ ಕಂದು ಪದರಗಳಿದ್ದವು, ಅವುಗಳ ಹಿಂದೆ ಒಂದು ತೂತು, ತೂತಿನಿಂದ ನುಣ್ಣನೆಯ ಬಿಳಿ ಮರಳು ಅವಳ ಕೊರಳಿನ ಮೇಲೆ ಸುರಿಯಿತು.

ಆ ತೂತಿನ ಸುತ್ತ ಅವಳು ಸೀಮೆಸುಣ್ಣದಿಂದ ನಿಧಾನವಾಗಿ ಒಂದು ಗೆರೆ ಎಳೆದಳು.

ಹೊರಗೆ ಬಂದಾಗ ತಮ್ಮ ಕೈ ಚಾಚಿದ. ಅವಳು ಅವನ ಕೈ ಹಿಡಿಯದೆ ನೆಲ ಊರಿ ಎದ್ದಳು. ಅಷ್ಟರಲ್ಲೇ ಅವನಿಗೆ ತಿಳಿಯಿತು.

"ಬೇಡ," ಎಂದಳು.

ಹಿರಿಯರ ಮುಖ ಬಿಳಿಚಿತು. "ಏನಾದ್ರೂ ಮುಚ್ಚಿಟ್ಟಿದ್ದೀವಿ ಅಂತ ಅಂದ್ಕೊಂಡ್ರಾ?"

"ಇಲ್ಲ ಸಾರ್. ಈ ಸಲ ನಿಮ್ಮ ಮೇಲೆ ಯಾವ ಅನುಮಾನವೂ ಇಲ್ಲ. ನಿಮಗೆ ಗೊತ್ತೇ ಇಲ್ಲ ಅಂತ ನನಗೆ ಗೊತ್ತು."

"ನಾನು ನೋಡ್ಲಾ?" ಎಂದರು ಹೆಂಡತಿ. ಉತ್ತರಕ್ಕೆ ಕಾಯದೆ ನೋಯುವ ಭುಜವನ್ನು ಹಿಡಿದುಕೊಂಡು ಚಾಪೆಯ ಮೇಲೆ ಮಲಗಿ ಒಳಗೆ ಜಾರಿದರು. ಟಾರ್ಚಕ್ಕ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೆಳಕು ಬಿಟ್ಟಳು. ಆ ಸಣ್ಣ ಬೆರಳು ತೂತಿನೊಳಗೆ ಗೆಣ್ಣಿನವರೆಗೂ ಹೋಯಿತು. ಹೊರಗೆ ಬಂದಾಗ ಬೆರಳತುದಿಯಲ್ಲಿ ಮರಳು, ಅದರ ನಡುವೆ ಅಕ್ಕಿಕಾಳಿನಷ್ಟು ಚಿಪ್ಪಿನ ಚೂರು.

"ಇದು ನಮ್ಮ ಭಾನುವಾರದ್ದು," ಎಂದರು ಅವರು, ಮಲಗಿದ್ದಲ್ಲಿಂದಲೇ. "ಮೊದಲು ನಾವು ಕಡಲ ಹತ್ತಿರದ ಊರಲ್ಲಿದ್ವಿ. ಪ್ರತಿ ಭಾನುವಾರ ಸಂಜೆ ಗಾಡೀನ ಮರಳ ಮೇಲೆ ಇಳಿಸಿ, ಅಲೆ ಬಂದು ಚಕ್ರ ಮುಟ್ಟೋ ಹಾಗೆ ನಿಲ್ಲಿಸ್ತಿದ್ವಿ. ನ್ಯೂಟ್ರಲ್‌ಗೆ ಹಾಕಿದ ಮೇಲೆ ನನ್ನ ಕೈಗೆ ರಜ. ಅದೊಂದೇ ಹೊತ್ತು ನಾನು ಹೊರಗೆ ನೋಡ್ತಿದ್ದದ್ದು." ಆಮೇಲೆ ಮೆಲ್ಲಗೆ ಕೇಳಿದರು: "ಉಪ್ಪುನೀರಿಂದ ಹೀಗಾಯ್ತಾ?"

ಗುಂಡಿಯೊಳಗಿನ ಇಪ್ಪತ್ತಮೂರು ವರ್ಷ ಆ ಪ್ರಶ್ನೆಗೆ ಒಂದೇ ಉತ್ತರ ಕಲಿಸಿತ್ತು: ಹೌದು. ಟಾರ್ಚಕ್ಕ ಬೆಳಕನ್ನು ಆ ಮುಖದಿಂದ ಆಚೆ ಸರಿಸಿದಳು.

"ಇಲ್ಲಮ್ಮ. ಗಾಡಿಗೂ ವಯಸ್ಸಾಗತ್ತಲ್ಲ."

ಅವರನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ತಮ್ಮ ತಡೆದುಕೊಂಡಿದ್ದೆಲ್ಲ ಹೊರಗೆ ಬಂತು.

"ಒಂದ್ ತೂತು! ಒಂದೇ ಒಂದ್ ತೂತು ಅಕ್ಕ! ಪ್ಲೇಟಿಟ್ಟು ವೆಲ್ಡಿಂಗ್ ಹೊಡೆಸಿದ್ರೆ ಮುಗೀತು. ಇವತ್ತು ಮಧ್ಯಾಹ್ನವೇ ಹೊಡೆಸ್ತೀನಿ."

"ಎಲ್ಲಿಗೆ ಅಂಟಿಸ್ತಾನೆ ವೆಲ್ಡರ್ರು? ಸುತ್ತ ಒಂದು ಗೇಣು ಒಳ್ಳೇ ಕಬ್ಬಿಣ ಇಲ್ಲ. ಆ ತುಂಡನ್ನೇ ಕತ್ತರಿಸಿ ತೆಗೀಬೇಕು, ಹೊಸದು ಕೂರಿಸ್ಬೇಕು. ಎರಡು ವಾರದ ಕೆಲಸ. ಆಮೇಲೂ ಇವರಿಬ್ರು ಪೇಟೆಗೆ ಹೋಗಿ ಬರೋಕೆ ಆದೀತು. ಗುಡ್ಡದ ತಿರುವಲ್ಲಿ ಎಂಟು ಜನರ ಭಾರಕ್ಕೆ ಆಗಲ್ಲ."

"ಆಗತ್ತೆ ಅಂದ್ರೆ ಆಗತ್ತೆ. ನೀನು ಒಂದ್ ಚೀಟಿ ಬರಿ. 'ನೋಡಿದ್ದೇನೆ' ಅಂತ ಬರಿ ಸಾಕು. ನೋಡಿದ್ದೀಯಲ್ಲ, ಸುಳ್ಳಲ್ಲವಲ್ಲ!"

"ಆ ಬಸುರಿ ಹೆಂಗಸನ್ನ ಎಲ್ಲಿ ಕೂರಿಸ್ತೀಯ ಅಂದೆ?"

ಅವನು ಗಾಡಿಯ ಬಾಗಿಲಿಗೆ ಒರಗಿ ನಿಂತ. ಮತ್ತೆ ಮಾತು ಬಂದಾಗ ದನಿ ಸಣ್ಣದಾಗಿತ್ತು, ಅದು ಕೂಗಾಟಕ್ಕಿಂತ ಕಷ್ಟವಾಗಿತ್ತು.

"ನೀನು ಹೇಳಿದ್ದು ಸರಿ ಅಂತ ನನಗೂ ಗೊತ್ತು ಅಕ್ಕ. ಯಾವಾಗ್ಲೂ ನೀನೇ ಸರಿ. ಬೇಡ ಅನ್ನೋದು, ಚಾಪೆ ಸುತ್ಕೊಳ್ಳೋದು, ಮನೆಗೆ ಹೋಗೋದು. ಬೇಡ ಅನ್ನಿಸ್ಕೊಂಡವನು ಆಮೇಲೆ ಏನ್ ಮಾಡ್ತಾನೆ ಅಂತ ಒಂದ್ ದಿನ ತಿರುಗಿ ನೋಡಿದ್ದೀಯಾ? ಸೋಮವಾರ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ? ಹೇಳು."

ಅವಳು ಅಂಗೈಯಲ್ಲಿ ಅಂಟಿದ್ದ ಕಪ್ಪನ್ನು ಬೆರಳಿನಿಂದ ಉಜ್ಜುತ್ತ ನಿಂತಳು. ಔಷಧಿ ಅಂಗಡಿಯವನಂಥವರು ಎಷ್ಟೋ ಮಂದಿ ಉಗುರು ಕಚ್ಚುತ್ತ ಅವಳ ತಲೆಯ ಮೇಲೆ ನಿಂತು ಹೋಗಿದ್ದರು. ಬೇಡ ಎಂದಾಗ ಅವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮರುದಿನದ ಮುಖ ಗೊತ್ತಿರಲಿಲ್ಲ.

"ನೋಡಪ್ಪ," ಎಂದರು ಹಿರಿಯರು ತಮ್ಮನಿಗೆ, "ಅಕ್ಕನ ಮೇಲೆ ರೇಗಬೇಡ. ಬೇಕಾದ್ರೆ ನಾನು ಆ ಗ್ಯಾರೇಜಿನವನನ್ನ ಕೇಳ್ತೀನಿ, ಅವನ ಹತ್ರ ಬೇರೆ ಗಾಡಿ..."

"ಕಪ್ಪು ಬಳಿದವನ ಹತ್ರಾನಾ? ಬೇಡ ಸಾರ್," ಎಂದ ತಮ್ಮ. ಅವನ ಬಾಯಿಂದಲೂ ಅದೇ ಮಾತು ಬಂದದ್ದಕ್ಕೆ ಅವನಿಗೇ ಸಿಟ್ಟು ಬಂದಂತಿತ್ತು.

ಟಾರ್ಚಕ್ಕ ಕೂದಲಿನಿಂದ ಮರಳು ಕೊಡವಿದಳು. "ದೊಡ್ಡ ಮೇಡಂ ಶನಿವಾರ ಶಾಲೇಲಿ ಇರ್ತಾರಾ?"

"ಇರ್ತಾರೆ. ಮಧ್ಯಾಹ್ನದವರೆಗೆ. ಯಾಕೆ?"

"ಗುಂಡಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವಳ ಗಂಡನ ಹತ್ರ ವ್ಯಾನಿದೆ. ಎರಡು ವಾರ ಅದನ್ನ ನಿನ್ನ ಕೈಗೆ ಕೊಡು ಅಂತ ಕೇಳ್ತೀನಿ. ಅಷ್ಟರೊಳಗೆ ನಿನಗೊಂದು ಗಾಡಿ ನಾನೇ ಹುಡುಕ್ತೀನಿ. ಅದು ಸ್ವಂತದ್ದಲ್ಲವಲ್ಲ, ಮೊದಲು ಮೇಡಂ ಒಪ್ಬೇಕು."

"ನೀನು ಹೋಗಿ ಕೇಳ್ತೀಯಾ? ನೀನು?" ತಮ್ಮ ನಂಬಲಿಲ್ಲ. "ಮನೆ ಬಾಡಿಗೆ ಜಾಸ್ತಿ ಮಾಡಿದಾಗ ಒಂದ್ ಮಾತು ಕೇಳ್ದೋಳಲ್ಲ ನೀನು. ಏನಂತ ಕೇಳ್ತೀಯಾ ಅಕ್ಕ? ಅಲ್ಲಿ ಆಫೀಸಿನಲ್ಲಿ ಕೂರಿಸ್ತಾರೆ, ನೂರೆಂಟು ಪ್ರಶ್ನೆ ಕೇಳ್ತಾರೆ, ನೀನು ಒಂದೇ ಮಾತಲ್ಲಿ..."

ಅವಳು ಆಗಲೇ ನೀಲಿ ಗೇಟು ದಾಟಿದ್ದಳು.

"ಅಕ್ಕ! ನಿಲ್ಲು, ಸ್ಕೂಟರ್ ತೆಗೀತೀನಿ. ಮೇಡಂ ಎದುರಿಗೆ ಸ್ವಲ್ಪ ಮೆತ್ತಗೆ ಮಾತಾಡು, ಕೇಳಿಸ್ತಾ? ಮೊದಲು ನಮಸ್ಕಾರ ಅನ್ನು. ಗಾಡಿ ಸಿಗ್ಲಿಲ್ಲ ಅಂತ ಶುರುಮಾಡ್ಬೇಡ, ನಮ್ಮ ತಮ್ಮ ಇಪ್ಪತ್ತು ವರ್ಷ ಒಂದ್ ಸಲಾನೂ ಯಾರಿಗೂ ಗುದ್ದಿಲ್ಲ ಅಂತ ಅಲ್ಲಿಂದ ಶುರುಮಾಡು, ಆಮೇಲೆ ನಿಧಾನಕ್ಕೆ..."

ಅವನು ಇನ್ನೂ ಹೇಳುತ್ತಲೇ ಇದ್ದ. ಅವಳು ಗುಡ್ಡದ ಕಡೆಯ ರಸ್ತೆಗೆ ತಿರುಗಿ ನಡೆದುಹೋದಳು.